ಹೂ ನೋಡುವ ಹಬ್ಬ

ಕೆಲವು ವರ್ಷಗಳ ಹಿಂದೆ, ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ, ಟೋಕಿಯೊ ನಗರದ ಉಯೆನೊ ಉದ್ಯಾನವನ್ನು ನೋಡುವ ಅವಕಾಶ ನನಗೆ ಒದಗಿತು. ಜಪಾನಿನಲ್ಲಿ ಅದು ಚೆರ್ರಿ ಹೂ ಅರಳುವ ಕಾಲ. ಆ ಹೂವನ್ನು ಅವರು 'ಸಕುರ' ಎಂದು ಕರೆಯುತ್ತಾರೆ. ಅದನ್ನು ನೋಡಲು ಕೂಡಿ ಹೋಗುವುದಕ್ಕೆ 'ಹನಮಿ' ಎಂದು ಹೆಸರು. 'ಹನ' ಎಂದರೆ ಹೂವು, 'ಮಿ' ಎಂದರೆ ನೋಡುವುದು. ಹಬ್ಬದ ಹೆಸರು ಇಷ್ಟೇ: ಹೂ ನೋಡುವುದು. ಅಲ್ಲಿ ಪೂಜೆಯಿಲ್ಲ, ಮೆರವಣಿಗೆಯಿಲ್ಲ.

ಉದ್ಯಾನದ ನಡುವಿನ ಹಾದಿಯ ಎರಡು ಬದಿಗಳಲ್ಲಿಯೂ ಮರಗಳು ಸಾಲುಗಟ್ಟಿ ನಿಂತಿದ್ದುವು. ಕೊಂಬೆಗಳಲ್ಲಿ ಒಂದು ಎಲೆಯೂ ಇಲ್ಲ. ತಿಳಿಗುಲಾಬಿ ಬಣ್ಣ ಬೆರೆತ ಬಿಳಿಯ ಹೂಗಳು ಮಾತ್ರ. ಕೆಳಗೆ ನೆಲದ ಮೇಲೆ ಹಾಸು ಹಾಸಿಕೊಂಡು ಜನ ಕುಳಿತಿದ್ದರು. ಮುದುಕರಿದ್ದರು, ಕೈಗೂಸುಗಳಿದ್ದುವು, ಕಚೇರಿಯ ಉಡುಪಿನಲ್ಲಿಯೇ ಬಂದ ತರುಣರೂ ಇದ್ದರು. ಕಚೇರಿಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಬೆಳಗ್ಗೆಯೇ ಕಳುಹಿಸಿ ಜಾಗ ಹಿಡಿಸುವ ರೂಢಿಯುಂಟಂತೆ. ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಹಾಸಿನ ಅಂಚಿನಲ್ಲಿ ಎಲ್ಲರ ಪಾದರಕ್ಷೆಗಳೂ ಅಚ್ಚುಕಟ್ಟಾಗಿ ಜೋಡಿಸಲ್ಪಟ್ಟಿದ್ದುವು, ನಮ್ಮ ಮನೆಗಳ ಹೊಸ್ತಿಲಿನಾಚೆ ಇರುವಂತೆ. ಯಾರೂ ಕೊಂಬೆಯನ್ನು ಬಗ್ಗಿಸಲಿಲ್ಲ. ಯಾವ ಹೆಂಗಸೂ ಹೂ ಕಿತ್ತು ಮುಡಿಯಲಿಲ್ಲ. ಹೂವನ್ನು ಕಂಡೊಡನೆ ಕೈ ನೀಡುವ ಅಭ್ಯಾಸವುಳ್ಳ ನನಗೆ ಇದು ತುಸು ಕಷ್ಟವೇ ಆಯಿತು.

ಬುತ್ತಿಯೂ ಇತ್ತೆನ್ನಿ. ಉಪ್ಪಿನಲ್ಲಿ ನೆನೆಸಿದ ಚೆರ್ರಿ ಎಲೆಯಲ್ಲಿ ಸುತ್ತಿದ ಅಕ್ಕಿಯ ಸಿಹಿತಿನಿಸು ಆ ದಿನಗಳ ವಿಶೇಷ. 'ಹೂವಿಗಿಂತ ಕಡುಬೇ ಲೇಸು' ಎಂಬ ಅರ್ಥದ ಗಾದೆಯೊಂದು ಅವರಲ್ಲಿಯೂ ಇದೆ. ಹೂವಿನ ನೆಪದಲ್ಲಿ ಊಟಕ್ಕೆ ಬರುವವರು ಎಲ್ಲ ದೇಶಗಳಲ್ಲಿಯೂ ಇರುತ್ತಾರೆ.

ಈ ವಾಡಿಕೆ ಬಲು ಹಳೆಯದು. ಮೊದಲು ಅಲ್ಲಿಯ ಶ್ರೀಮಂತರು ಚೀನಾದಿಂದ ಬಂದ ಪ್ಲಮ್ ಹೂವನ್ನು ಮೆಚ್ಚುತ್ತಿದ್ದರು. 812ರಲ್ಲಿ ಸಾಗ ಚಕ್ರವರ್ತಿಯು ಕ್ಯೋಟೊ ನಗರದಲ್ಲಿ ಚೆರ್ರಿ ಹೂ ನೋಡುವ ಕೂಟವನ್ನು ನಡೆಸಿದನು. ಬಹುಕಾಲ ಅದು ಅರಮನೆಯ ವಿನೋದವಾಗಿತ್ತು. ತೊಕುಗಾವ ಯೊಶಿಮುನೆ ಎಂಬ ಆಳರಸನು 1720ರ ಸುಮಾರಿಗೆ ಅಸುಕಯಾಮ ಎಂಬ ಗುಡ್ಡದ ಮೇಲೆ ನೂರಾರು ಚೆರ್ರಿ ಗಿಡಗಳನ್ನು ನೆಡಿಸಿ ಸಾಮಾನ್ಯ ಜನರಿಗೆ ತೆರೆದಿಟ್ಟನು. ಇಂದು ಅಲ್ಲಿ ಎಲ್ಲೆಡೆ ಕಾಣುವ 'ಸೊಮೆಯಿ ಯೊಶಿನೊ' ಎಂಬ ತಳಿಯ ಮರಗಳು ಕಸಿಯಿಂದಲೇ ಬೆಳೆದವು. ಎಲ್ಲವೂ ಒಂದೇ ಮೂಲದ ಕುಡಿಗಳಾದುದರಿಂದ ಒಂದು ಊರಿನ ಮರಗಳು ಹೆಚ್ಚುಕಡಿಮೆ ಒಟ್ಟಿಗೇ ಅರಳಿ, ಒಟ್ಟಿಗೇ ಉದುರುತ್ತವೆ. ಹೂವಿನ ಆಯುಸ್ಸು ವಾರ, ಹೆಚ್ಚೆಂದರೆ ಎರಡು ವಾರ. ಆದುದರಿಂದಲೇ ಆ ಅವಸರ. ಟೋಕಿಯೊದ ಒಂದು ಗುರುತಿನ ಮರದಲ್ಲಿ ಐದಾರು ಹೂ ಬಿರಿದುದನ್ನು ಹವಾಮಾನ ಇಲಾಖೆಯವರು ಕಣ್ಣಾರೆ ಕಂಡ ಮೇಲೆ 'ಹೂ ಅರಳಿತು' ಎಂದು ಘೋಷಿಸುತ್ತಾರೆ.

ನಮ್ಮ ಪಕ್ಕದ ಹಾಸಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ನಾನು ಭಾರತದವನೆಂದು ತಿಳಿದು ಪ್ರೀತಿಯಿಂದ ತಿನಿಸು ಕೊಟ್ಟರು. ಬಳಿಕ, ಜೊತೆಯಲ್ಲಿದ್ದ ಮಿತ್ರರ ಮೂಲಕ ನನ್ನನ್ನು ಕೇಳಿದರು: "ನಿಮ್ಮ ಊರಿನಲ್ಲಿ ವಸಂತದ ಮರ ಯಾವುದು? ಅದು ಯಾವ ದಿನ ಅರಳುತ್ತದೆ?"

ನಾನು ಬೆಂಗಳೂರಿನ ಬಸವೇಶ್ವರನಗರದ ನಿವಾಸಿ. ಮಲ್ಲಿಗೆಯ ಹೆಸರು ಹೇಳಿದೆ, ಅದು ಮರವಲ್ಲ. ಮಾವು ಎಂದೆ, ದಿನ ತಿಳಿಯದು. ನನಗೆ ನಾಚಿಕೆಯಾಯಿತು.

ಊರಿಗೆ ಹಿಂದಿರುಗಿದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಪುಸ್ತಕಗಳನ್ನು ತೆರೆದೆ, ಬೀದಿಗಳನ್ನೂ ಸುತ್ತಿದೆ. ಬೆಂಗಳೂರಿನ ಹೂಮರಗಳ ಹಿಂದೆ ಒಬ್ಬ ಜರ್ಮನ್ ತೋಟಗಾರನ ಯೋಚನೆಯಿದೆ. 1865ರಲ್ಲಿ ಡ್ರೆಸ್ಡನ್ ನಗರದ ಬಳಿ ಜನಿಸಿದ ಗುಸ್ತಾವ್ ಹರ್ಮನ್ ಕೃಂಬಿಗಲ್ ಅವರು ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡಕ್ಕೆ ಬಂದು, 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದರು. 1932ರಲ್ಲಿ ನಿವೃತ್ತರಾದರೂ ಈ ಊರನ್ನು ಬಿಡಲಿಲ್ಲ. 1956ರಲ್ಲಿ ಇಲ್ಲಿಯೇ ತೀರಿಕೊಂಡರು. ಒಂದು ಮರ ಹೂ ಮುಗಿಸುವಾಗ ಇನ್ನೊಂದು ಮರ ಅರಳಬೇಕು, ವರ್ಷದ ಯಾವ ತಿಂಗಳಲ್ಲಿಯೂ ನಗರಕ್ಕೆ ಹೂವಿಲ್ಲವೆಂದಾಗಬಾರದು ಎಂಬುದು ಅವರ ಎಣಿಕೆ. ಜಪಾನಿನಲ್ಲಿ ಒಂದು ಊರಿನ ಚೆರ್ರಿ ಮರಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ವಾರ. ಕೃಂಬಿಗಲ್ ಅವರ ಬೆಂಗಳೂರಿನಲ್ಲಿ ಮರಕ್ಕೊಂದು ಕಾಲ.

ರಾಜಾಜಿನಗರ ಹುಟ್ಟಿದ್ದು 1949ರಲ್ಲಿ. ನಗರದ ಪಶ್ಚಿಮ ಭಾಗದ ನಮ್ಮ ಬಡಾವಣೆಗಳೆಲ್ಲ ಕೃಂಬಿಗಲ್ ಅವರ ಅಧಿಕಾರದ ಕಾಲದ ತರುವಾಯ ಬೆಳೆದವು. ನಗರ ಹಬ್ಬಿ ನೆರಳು ಕಡಿಮೆಯಾಗುತ್ತಿದ್ದಾಗ, 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳುತನದಲ್ಲಿ ಬೆಂಗಳೂರಿನ ಉದ್ದಗಲಕ್ಕೂ ಸುಮಾರು 15 ಲಕ್ಷ ಗಿಡಗಳನ್ನು ನೆಡಲಾಯಿತು. ಈಗ ನಾವು ನಿಲ್ಲುವ ನೆರಳು ಎಷ್ಟೋ ಕಡೆ ಆ ಕಾಲದ್ದು.

ಬೇಸಗೆಯ ಆರಂಭದಲ್ಲಿ ಎಲೆಯುದುರಿಸಿ ಗುಲಾಬಿ ಬಣ್ಣದ ಹೂ ತಳೆಯುವ ಟಬೂಬಿಯಾ ಮರವನ್ನು ಈಚೆಗೆ ಹಲವರು 'ಬೆಂಗಳೂರಿನ ಚೆರ್ರಿ' ಎನ್ನುತ್ತಾರೆ. ಹೋಲಿಕೆ ಬಣ್ಣಕ್ಕೆ ಮಾತ್ರ. ಚೆರ್ರಿ ಗುಲಾಬಿಯ ಕುಲದ್ದು. ಟಬೂಬಿಯಾ ಮಧ್ಯ ಅಮೆರಿಕದ ಕಡೆಯಿಂದ ಬಂದದ್ದು, ಎಲ್ ಸಾಲ್ವಡಾರ್ ದೇಶದ ರಾಷ್ಟ್ರವೃಕ್ಷ. ನಿಜವಾದ ಚೆರ್ರಿಗೆ ಚಳಿಗಾಲದ ಕೊರೆಯುವ ತಂಪು ಬೇಕು. ಷಿಲ್ಲಾಂಗಿನಲ್ಲಿ ಹಿಮಾಲಯದ ಕಾಡು ಚೆರ್ರಿ ನವೆಂಬರಿನಲ್ಲಿ ಅರಳುತ್ತದೆ. ನಮ್ಮಲ್ಲಿ ಅಷ್ಟು ಚಳಿಯಿಲ್ಲ. ನೀಲಿಯ ಜಕರಾಂಡ ದಕ್ಷಿಣ ಅಮೆರಿಕದ್ದು; ಮಕ್ಕಳು ಕತ್ತಿಕಾಯಿ ಹಿಡಿದು ಕಾದಾಡುವ ಗುಲ್‌ಮೊಹರ್ ಮಡಗಾಸ್ಕರಿನದು. ಎಲ್ಲರೂ ನಮ್ಮ ಬೀದಿಯ ನೆಂಟರು. ಆದರೆ ಮನೆಯವನು ಬೇರೆ ಇದ್ದಾನೆ.

ಅವನೇ ಹೊಂಗೆ. ಅದರ ನೆರಳನ್ನು ತಾಯಿಯ ಮಡಿಲಿಗೆ ಹೋಲಿಸುವುದು ನಮ್ಮ ಹಳ್ಳಿಗಳ ರೂಢಿ. ಎಣ್ಣೆ ದೀಪಕ್ಕಾಯಿತು, ಹಿಂಡಿ ಹೊಲಕ್ಕಾಯಿತು. ಹೂವನ್ನು ಮಾತ್ರ ಯಾರೂ ಎಣಿಸಲಿಲ್ಲ. ಯುಗಾದಿಯ ಆಸುಪಾಸಿನಲ್ಲಿ ಎಳೆಯ ಹಸುರಿನ ಚಿಗುರಿನೊಡನೆ ಬಿಳಿಯೋ ನೇರಿಳೆಯೋ ಎನ್ನಲಾಗದ ಸಣ್ಣ ಹೂಗಳು ಗೊಂಚಲು ಗೊಂಚಲಾಗಿ ಬಿಡುತ್ತವೆ. ಜೇನುನೊಣಗಳ ಮೊರೆತ ಕೆಳಗೆ ನಿಂತವರಿಗೂ ಕೇಳಿಸುತ್ತದೆ. ನೆಲದ ಮೇಲೆ ಪುರಿ ಚೆಲ್ಲಿದಂತೆ ಹೂ ಬೀಳುತ್ತದೆ. ನಾವು ಅದನ್ನು ಕಸವೆಂದು ಗುಡಿಸುತ್ತೇವೆ.

ನಮ್ಮ ಬೀದಿಯ ತಿರುವಿನಲ್ಲಿಯೂ ಒಂದು ದೊಡ್ಡ ಹೊಂಗೆಯಿತ್ತು. ಚರಂಡಿಯ ಕೆಲಸಕ್ಕೆಂದು ಅದನ್ನು ಕಡಿದಾಗ ನಾನು ಕಿಟಕಿಯಿಂದ ನೋಡಿದ್ದೆ. ಇಪ್ಪತ್ತು ವರ್ಷ ಅದರ ಕೆಳಗೆ ನಡೆದಾಡಿದ್ದರೂ ಅದು ಎಂದು ಹೂ ಬಿಡುತ್ತಿತ್ತೆಂದು ಹೇಳಬಲ್ಲವರು ನಮ್ಮಲ್ಲಿ ಇರಲಿಲ್ಲ. ಕ್ಯೋಟೊದಲ್ಲಿಯಾದರೋ, ಒಂಬತ್ತನೆಯ ಶತಮಾನದಿಂದಲೂ ಅರಮನೆಯವರು, ಸನ್ಯಾಸಿಗಳು ತಮ್ಮ ದಿನಚರಿಗಳಲ್ಲಿ ಹೂ ಅರಳಿದ ದಿನವನ್ನು ಬರೆದಿಟ್ಟರು. ಅವುಗಳನ್ನೆಲ್ಲ ಅವೊನೊ ಯಸುಯುಕಿ ಎಂಬ ವಿದ್ವಾಂಸರು ಒಟ್ಟುಗೂಡಿಸಿದರು. 2021ರಲ್ಲಿ ಅಲ್ಲಿ ಮಾರ್ಚ್ 26ರಂದೇ ಹೂ ತುಂಬಿ ಅರಳಿತು. ಅಲ್ಲಿಯವರೆಗಿನ ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿರಲಿಲ್ಲ. ಭೂಮಿ ಬಿಸಿಯಾಗುತ್ತಿದೆಯೆಂಬುದಕ್ಕೆ ಆ ಹಳೆಯ ದಿನಚರಿಗಳೇ ಸಾಕ್ಷಿ ನುಡಿದುವು. ಬರೆದವರು ಅದಕ್ಕಾಗಿ ಬರೆದಿರಲಿಲ್ಲ. ಹೂವನ್ನು ಕಂಡರು, ಬರೆದರು.

ಎದುರು ಮನೆಯ ಕಾಂಪೌಂಡಿನ ಬಳಿ ಇನ್ನೊಂದು ಹೊಂಗೆ ಉಳಿದಿದೆ. ಮುಂದಿನ ವರ್ಷ ಮಾರ್ಚ್ ಬಂದೊಡನೆ ದಿನವೂ ಬೆಳಗ್ಗೆ ಅದರ ಕೆಳಗೆ ನಿಂತೆ. ಒಂದು ದಿನ, ರಸ್ತೆಯ ಕಡೆಗೆ ಚಾಚಿದ ಕೊಂಬೆಯಲ್ಲಿ ನಾಲ್ಕು ಹೂ ಬಿರಿದಿದ್ದುವು. ಒಳಗೆ ಓಡಿಹೋಗಿ ಗೋಡೆಯ ಕ್ಯಾಲೆಂಡರಿನಲ್ಲಿ 'ಹೊಂಗೆ, ಮೊದಲ ಹೂ' ಎಂದು ಬರೆದೆ. ಸಂಜೆ ಈ ವಿಷಯವನ್ನು ಹೆಮ್ಮೆಯಿಂದ ಹೇಳಿದಾಗ ಎದುರು ಮನೆಯ ಅಜ್ಜಿ ನಕ್ಕರು.

"ಹಿತ್ತಲ ಕಡೆಯ ಕೊಂಬೆಯಲ್ಲಿ ಮೊನ್ನೆಯೇ ಬಿಟ್ಟಿದೆಯಪ್ಪ," ಎಂದರು. "ನೀನು ರಸ್ತೆಯಲ್ಲೇ ನಿಂತು ನೋಡಿದರೆ ಹೇಗೆ ಕಂಡೀತು?"

ನಾನು ಕ್ಯಾಲೆಂಡರಿನಲ್ಲಿ ದಿನಾಂಕವನ್ನು ತಿದ್ದಿಕೊಂಡೆ.