ಕೋಣೆಗೆ ಬೀಗ ಜಡಿದರೆ ಕುಡಿತ ಬಿಡುವುದಿಲ್ಲ

ದಿನಾ ಕುಡಿಯುವವರನ್ನು ಮನೆಯಲ್ಲೇ ಕೂಡಿಹಾಕಿ ಬಿಡಿಸುತ್ತೇವೆ ಎನ್ನುವವರು ಇದನ್ನು ಓದಬೇಕು. ನಮ್ಮ ಭಾವನವರು ಓದುತ್ತಾರೆಂಬ ನಂಬಿಕೆ ನನಗಿಲ್ಲ.

ನಮ್ಮವರ ಕುಡಿತದ ಕಥೆ ಬೇಡ, ಎಲ್ಲರ ಮನೆಯದೂ ಅದೇ. ಭಾವನವರು ಮನೆದೇವರ ಮುಂದೆ ಆಣೆ ಮಾಡಿಸಿ, ಹಿತ್ತಿಲ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿಕೊಂಡರು. ‘ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರ್ತಾರೆ, ತೋರಿಸಿ ಅಕ್ಕ’ ಎಂದ ಆಶಾ ಕಾರ್ಯಕರ್ತೆಯನ್ನು ಜಗುಲಿಯಿಂದಲೇ ಸಾಗಹಾಕಿದರು. ‘ನಮ್ಮ ಮನೇಲಿ ಹುಚ್ಚರು ಯಾರೂ ಇಲ್ಲ.’

ಮೊದಲ ದಿನ ಕೈ ನಡುಕ, ಬೆವರು. ಮರುದಿನ ಬೆಳಗಿನ ಜಾವ ಫಿಟ್ಸ್ ಬಂತು. ಭಾವನವರು ಬೀಗ ತೆಗೆದು, ಅದೇ ಬೀಗದ ಕೈಯನ್ನು ನಮ್ಮವರ ಮುಷ್ಟಿಯೊಳಗೆ ತುರುಕಿದರು. ಕಬ್ಬಿಣ ಹಿಡಿಸಿದರೆ ನಿಲ್ಲುತ್ತದಂತೆ! ಫಿಟ್ಸ್ ತಾನಾಗಿ ನಿಂತಿತು, ಹೆಸರು ಕಬ್ಬಿಣಕ್ಕೆ ಬಂತು. ಬಾಗಿಲಿಗೆ ಮತ್ತೆ ಬೀಗ.

ಮೂರನೆಯ ರಾತ್ರಿ ಒಳಗಿನಿಂದ ಮಾತು ಕೇಳಿಸಿತು. ಕಿಟಕಿಯಲ್ಲಿ ಇಣುಕಿದೆ. ನಮ್ಮವರು ಇಲ್ಲದ ಇರುವೆಗಳನ್ನು ಕಂಬಳಿಯಿಂದ ಆರಿಸುತ್ತಿದ್ದರು. ಎಂದೋ ಮಾರಿದ ಹಸುವನ್ನು ಕಟ್ಟು ಎಂದು ಸತ್ತುಹೋದ ಮಾವನವರಿಗೆ ಹೇಳುತ್ತಿದ್ದರು. ನನ್ನನ್ನು ನೋಡಿ ‘ಟೀಚರೇ, ಬಾಗಿಲು ತೆಗೀರಿ’ ಎಂದರು. ಮೈ ಕೆಂಡ. ಭಾವನವರು ‘ನಾಟಕ’ ಎಂದರು. ನಾನು ಕಿರುಚಿದ ಮೇಲೆ ಬಾಗಿಲು ತೆರೆಯಿತು.

ಹತ್ತಿರದ ನರ್ಸಿಂಗ್ ಹೋಮಿನ ಡಾಕ್ಟರು ಗ್ಲೂಕೋಸ್ ಏರಿಸಿ, ‘ಕುಡುಕರ ಗಲಾಟೆ ಇಲ್ಲಿ ಬೇಡ, ಬೆಳಿಗ್ಗೆ ನೋಡೋಣ’ ಎಂದು ಹೊರಗೆ ಕಳಿಸಿದರು. ಅವರ ಗೇಟಿನ ಮುಂದೆಯೇ ನಿಂತು, ಆಶಾ ಬರೆದುಕೊಟ್ಟಿದ್ದ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಫೋನ್ ಎತ್ತಿದ ಹೆಣ್ಣುಮಗಳು ಕನ್ನಡದಲ್ಲೇ ಕೇಳಿಸಿಕೊಂಡು, ‘ಇದು ಪ್ರಾಣಕ್ಕೆ ಅಪಾಯ, ಈಗಲೇ 108 ಕರೆಸಿ’ ಎಂದಳು. ಜಿಲ್ಲಾಸ್ಪತ್ರೆ ಸೇರಿಸಿಕೊಂಡಿತು.

ಅಲ್ಲಿನ ಸಮಾಜ ಕಾರ್ಯಕರ್ತೆ ಬಿಡಿಸಿ ಹೇಳಿದರು: ವರ್ಷಗಟ್ಟಲೆ ಮದ್ಯಕ್ಕೆ ಒಗ್ಗಿದ ಮೆದುಳು, ಅದು ತಟ್ಟನೆ ನಿಂತರೆ ಕೆರಳುತ್ತದೆ. ವಿಟಮಿನ್ ಬಿ1 ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೇ ಪೆಟ್ಟು ಬೀಳಬಹುದು. ಮನಸ್ಸು ಗಟ್ಟಿ ಮಾಡಿಕೊಂಡರೆ ಫಿಟ್ಸ್ ನಿಲ್ಲುವುದಿಲ್ಲ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಊರ ಹತ್ತಿರವೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿ ತೋರಿಸಿದ್ದೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತಂತೆ. ನಮ್ಮ ಮಂಗಳವಾರದ ಡಾಕ್ಟರು ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಬರುವವರು. ಇಷ್ಟೆಲ್ಲ ಇರುವಾಗ ನಾವು ನಂಬಿದ್ದು ಒಂದು ಬೀಗವನ್ನು.

‘ಗಂಡನನ್ನು ಹುಚ್ಚಾಸ್ಪತ್ರೆಗೆ ಹಾಕಿಸಿದಳು’ ಎಂದು ಓರಗಿತ್ತಿ ಇಂದಿಗೂ ಹೇಳುತ್ತಾಳೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಮದ್ಯ, ಮಾದಕವಸ್ತುವಿನಿಂದ ಹುಟ್ಟುವ ಮಾನಸಿಕ ತೊಂದರೆಗಳನ್ನು ಕಾಯಿಲೆಯೆಂದು ಎಣಿಸುತ್ತದೆ. ಕಾಯಿಲೆಗೆ ಆಸ್ಪತ್ರೆಯಲ್ಲದೆ ಇನ್ನೆಲ್ಲಿಗೆ ಹೋಗಬೇಕಿತ್ತು?

ನನಗೆ ತಿಳಿದಷ್ಟು: ಬಿಡಿಸುವ ಮುಂಚೆ ಡಾಕ್ಟರಿಗೆ ತೋರಿಸಿ. ಸಾರಿನಲ್ಲಿ ಕದ್ದು ಕುಡಿತ ಬಿಡಿಸುವ ಪುಡಿ ಬೆರೆಸಬೇಡಿ. ಅದರ ಮೇಲೆ ಕುಡಿದರೆ ಜೀವಕ್ಕೇ ಕುತ್ತು ಬರಬಹುದು. ಮಾದಕವಸ್ತುವಾದರೆ 14446ಕ್ಕೆ ಫೋನ್ ಮಾಡಿ. ಒಮ್ಮೆ ಜಾರಿದರೆ ಬೈಯದೆ ಮತ್ತೆ ಕರೆದೊಯ್ಯಿರಿ; ನಮ್ಮವರೂ ಒಮ್ಮೆ ಜಾರಿದರು.

ಮಾನ ಹೋಗುತ್ತದೆಂಬ ಚಿಂತೆ ಬೇಡ. ಮಂಗಳವಾರದ ಸಾಲಿನಲ್ಲಿ ಊರಿನ ದೊಡ್ಡ ಮನೆಗಳವರೂ ಇರುತ್ತಾರೆ. ಸಾಲು ಉದ್ದ, ಚೀಟಿ ಮಾಡಿಸಲು ಬೇಗ ಹೋಗಿ.