ಪೆನ್ ಡ್ರೈವ್ ನಕಲಿಯೇ? ಎಸೆಯಬೇಡಿ, ದೂರು ಕೊಡಿ

ಗೌರಿಬಿದನೂರು ತಾಲ್ಲೂಕಿನ ಅಲೀಪುರ ಹರಳು ಕಲ್ಲಿನ ವ್ಯಾಪಾರಕ್ಕೆ ಹೆಸರಾದ ಊರು. ಕಲ್ಲನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದ ಮೇಲೆಯೇ ಇಲ್ಲಿ ದುಡ್ಡು ಕೈ ಬದಲಾಗುವುದು. ಪೆನ್ ಡ್ರೈವ್ ಕೊಳ್ಳುವಾಗ ಮಾತ್ರ ಪೊಟ್ಟಣದ ಮೇಲಿನ ಅಂಕಿಯನ್ನೇ ನಂಬಿಬಿಡುತ್ತೇವೆ. ಮದುವೆಯ ವಿಡಿಯೊ, ಮೊಹರಂ ಮಜ್ಲಿಸ್‌ನ ಧ್ವನಿಮುದ್ರಣ, ಜಮೀನು ಪತ್ರಗಳ ಸ್ಕ್ಯಾನ್ ಎಲ್ಲವನ್ನೂ ತುಂಬಿ ಬೀರುವಿನಲ್ಲಿಡುತ್ತೇವೆ. ತಿಂಗಳುಗಳಾದ ಮೇಲೆ ನೋಡಿದರೆ ಫೈಲಿನ ಹೆಸರಿದೆ, ತೆರೆಯುವುದಿಲ್ಲ. ‘ಮುನ್ನೂರು ರೂಪಾಯಿಗೆ ಯಾರು ಅಲೆಯುತ್ತಾರೆ’ ಎಂದು ಎಸೆದು ಸುಮ್ಮನಾಗುತ್ತೇವೆ. ನಕಲಿ ಮಾರುವವರಿಗೆ ಈ ಮಾತೇ ಬಂಡವಾಳ. ಅಷ್ಟು ಸಣ್ಣ ಖರೀದಿಗೂ ಶುಲ್ಕವಿಲ್ಲದೆ, ವಕೀಲರಿಲ್ಲದೆ ನ್ಯಾಯ ಕೇಳುವ ದಾರಿಯನ್ನು ಕಾನೂನು ತೆರೆದಿಟ್ಟಿದೆ.

ಮೋಸ ಪತ್ತೆ ಹೇಗೆ?

ಪೆನ್ ಡ್ರೈವ್‌ನೊಳಗಿನ ನಿಯಂತ್ರಕ ಚಿಪ್ ತನ್ನ ಸಾಮರ್ಥ್ಯ ಎಷ್ಟೆಂದು ಕಂಪ್ಯೂಟರಿಗೆ ತಿಳಿಸುತ್ತದೆ. ನಕಲಿಯಲ್ಲಿ ಈ ಚಿಪ್ಪಿಗೇ ಸುಳ್ಳು ಹೇಳಿಕೊಟ್ಟಿರುತ್ತಾರೆ. ಒಳಗಿರುವುದು 8 ಜಿಬಿ, ತೋರಿಸುವುದು 64 ಜಿಬಿ. ಮೊದಲ 8 ಜಿಬಿ ತುಂಬುವವರೆಗೆ ಎಲ್ಲ ಸರಿಯಾಗಿಯೇ ಇರುತ್ತದೆ. ಆಮೇಲೆ ಹಾಕಿದ್ದು ಹಳೆಯದರ ಮೇಲೆ ಕೂರುತ್ತದೆ, ಇಲ್ಲವೇ ಕಳೆದುಹೋಗುತ್ತದೆ. ಆದ್ದರಿಂದ ನಾಲ್ಕು ಫೋಟೊ ಹಾಕಿ ನೋಡಿದರೆ ಮೋಸ ತಿಳಿಯದು; ಪೂರ್ತಿ ತುಂಬಿಸಿ, ಮತ್ತೆ ಓದಿಸಬೇಕು.

ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯು’, ಲಿನಕ್ಸ್‌ನಲ್ಲಿ ‘ಎಫ್3’ ಎಂಬ ಉಚಿತ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಸೆಕೆಂಡಿಗೆ 10 ಎಂಬಿ ವೇಗವಿದ್ದರೆ 64 ಜಿಬಿ ತುಂಬಲು ಸುಮಾರು ಒಂದೂಮುಕ್ಕಾಲು ಗಂಟೆ ಬೇಕು. ಖಾಲಿ ಡ್ರೈವ್‌ನಲ್ಲೇ ಪರೀಕ್ಷಿಸಿ. ಒಂದು ಮಾತು: 64 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ ಸುಮಾರು 59.6 ಜಿಬಿ ಎಂದು ಕಂಡರೆ ಅದು ಮೋಸವಲ್ಲ. ಲೆಕ್ಕ ಹಾಕುವ ಕ್ರಮ ಬೇರೆ, ಅಷ್ಟೆ.

ಬಿಲ್ ನಿಮ್ಮ ಹಕ್ಕು

ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಮತ್ತು ದೂರು ಹೇಳಲು ಸಂಪರ್ಕ ವಿವರ ಇರಲೇಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮ ಹೇಳುತ್ತದೆ. ಇವಿಲ್ಲದ ಡ್ರೈವ್ ಕೊಳ್ಳಬೇಡಿ. ‘ಬಿಲ್ ಬೇಕಾದರೆ ಜಿಎಸ್‌ಟಿ ಬೇರೆ ಕೊಡಿ’ ಎಂದರೆ ಒಪ್ಪಬೇಡಿ, ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ. ಬಿಲ್ಲನ್ನು ಅಂದೇ ಫೋಟೊ ತೆಗೆದಿಡಿ. ಯಂತ್ರದ ಬಿಲ್ಲಿನ ಅಕ್ಷರ ಬೇಗ ಮಾಸುತ್ತದೆ.

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದೂ ಅಷ್ಟೇ ತಪ್ಪು. ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಎಂಬ ಫಲಕ ಈ ಹಕ್ಕನ್ನು ಕಸಿಯಲಾರದು. ಕೊಂಡ ವಾರದಲ್ಲೇ ಪರೀಕ್ಷೆ ಮುಗಿಸಿ ಎನ್ನುವುದು ಇದಕ್ಕೇ.

ದೂರಿನ ಹೆಜ್ಜೆಗಳು

1. ಪರೀಕ್ಷೆಯ ಫಲಿತಾಂಶ, ಪೊಟ್ಟಣ, ಡ್ರೈವ್ ಮೂರರ ಫೋಟೊ ತೆಗೆಯಿರಿ. ಡ್ರೈವನ್ನು ಫಾರ್ಮ್ಯಾಟ್ ಮಾಡಬೇಡಿ, ಅದೇ ನಿಮ್ಮ ಸಾಕ್ಷಿ.

2. ಅಂಗಡಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳಿಸಿ. ಇಷ್ಟು ಸಾಕು: ‘ಈ ದಿನಾಂಕ, ಈ ಸಂಖ್ಯೆಯ ಬಿಲ್ಲಿನಲ್ಲಿ ನಿಮ್ಮಿಂದ 64 ಜಿಬಿ ಪೆನ್ ಡ್ರೈವ್ ಕೊಂಡಿದ್ದೇನೆ. ಪರೀಕ್ಷಿಸಿದಾಗ ನಿಜವಾದ ಸಾಮರ್ಥ್ಯ 8 ಜಿಬಿ ಎಂದು ತಿಳಿದಿದೆ. ಪತ್ರ ತಲುಪಿದ 15 ದಿನದೊಳಗೆ ಹಣ ವಾಪಸ್ ಕೊಡಿ. ತಪ್ಪಿದರೆ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.’

3. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಆ ತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ವಾಣಿಜ್ಯ ನಿಯಮದಂತೆ ಅವರು 48 ಗಂಟೆಯೊಳಗೆ ದೂರು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು.

4. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಎಷ್ಟೋ ದೂರುಗಳು ಇಲ್ಲೇ ಮುಗಿಯುತ್ತವೆ.

5. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಮಾಲು ಬೆಂಗಳೂರಿನಲ್ಲಿ ಕೊಂಡಿರಲಿ, ದೆಹಲಿಯಿಂದ ಬಂದಿರಲಿ, ನೀವು ವಾಸಿಸುವ ಜಿಲ್ಲೆಯ ವ್ಯಾಪ್ತಿಯ ಆಯೋಗಕ್ಕೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ತೊಂದರೆ ಉಂಟಾದ ದಿನದಿಂದ ಎರಡು ವರ್ಷದೊಳಗೆ ದೂರು ದಾಖಲಾಗಬೇಕು. ಪ್ರಯೋಗಾಲಯದ ಪರೀಕ್ಷೆ ಬೇಕೆಂದು ಆಯೋಗ ಹೇಳಿದರೆ ಅದರ ಶುಲ್ಕವನ್ನು ದೂರುದಾರರು ಮೊದಲು ಕಟ್ಟಬೇಕಾಗುತ್ತದೆ.

ಯಾರು ಗ್ರಾಹಕ?

ಮರುಮಾರಾಟಕ್ಕೆ ಕೊಂಡವರು ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಜೀವನ ಸಾಗಿಸಲು ಕೊಂಡ ಸ್ಟುಡಿಯೊದವರು, ಜೆರಾಕ್ಸ್ ಅಂಗಡಿಯವರು ಗ್ರಾಹಕರೇ. ಹಣ ವಾಪಸ್, ಬದಲಿ ಮಾಲು, ಪರಿಹಾರ, ದಾವೆಯ ಖರ್ಚು ಇವನ್ನೆಲ್ಲ ಆಯೋಗ ಕೊಡಿಸಬಹುದು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ ಅಥವಾ ಎರಡೂ ಇವೆ.

ಹೆಸರಾಂತ ಕಂಪನಿಯ ಗುರುತನ್ನು ನಕಲು ಮಾಡಿ ಮಾರುವುದು ಅಪರಾಧ. 1999ರ ಟ್ರೇಡ್ ಮಾರ್ಕ್ ಕಾಯ್ದೆಯಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡವಿದೆ. ಇದಕ್ಕೆ ಪೊಲೀಸ್ ಠಾಣೆಗೆ ದೂರು ಕೊಡಿ.

ಬರೆಯಲು ಬಾರದವರು, ದಾರಿ ತಿಳಿಯದವರು ಕಾನೂನು ಸೇವಾ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಮುನ್ನೂರು ರೂಪಾಯಿ ಸಣ್ಣದಿರಬಹುದು, ಆದರೆ ಅದೇ ಪೆಟ್ಟಿಗೆಯ ಉಳಿದ ಡ್ರೈವ್‌ಗಳು ನಿಮ್ಮ ಅಕ್ಕಪಕ್ಕದವರ ಕೈ ಸೇರುತ್ತವೆ. ನಿಮ್ಮ ಒಂದು ದೂರು ಅವರನ್ನೂ ಕಾಯುತ್ತದೆ.