ಶಾಲೆಯ ಆಯ್ಕೆ ಕುಟುಂಬದ ಹಕ್ಕು

ಅಂಗವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿರುವ, 6ರಿಂದ 18 ವರ್ಷದೊಳಗಿನ ಪ್ರತಿ ಮಗುವಿಗೂ ಉಚಿತ ಶಿಕ್ಷಣದ ಹಕ್ಕನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಕೊಟ್ಟಿದೆ. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ತೀರ್ಮಾನ ಮನೆಯವರದು, ಮುಖ್ಯೋಪಾಧ್ಯಾಯರದಲ್ಲ. ತೀವ್ರ ಅಥವಾ ಬಹುವಿಧ ವೈಕಲ್ಯವಿದ್ದರೆ ಮನೆಯಲ್ಲೇ ಕಲಿಯುವ ಅವಕಾಶವೂ ಉಂಟು. ಆದರೆ ಅದು ಶಾಲೆ ಕೈತೊಳೆದುಕೊಳ್ಳುವ ದಾರಿಯಾಗಬಾರದು.

ಪ್ರಮಾಣಪತ್ರದಲ್ಲಿ ಶೇ 30 ಎಂದಿದ್ದರೆ ಎಲ್ಲ ಬಾಗಿಲೂ ಮುಚ್ಚಿತೆಂದು ಪೋಷಕರು ಕೈಚೆಲ್ಲಬೇಕಿಲ್ಲ. ತಾರತಮ್ಯವಿಲ್ಲದ ಪ್ರವೇಶ, ಇಳಿಜಾರು ದಾರಿ, ಬ್ರೈಲ್ ಅಥವಾ ಸಂಜ್ಞಾಭಾಷೆಯ ಬೋಧನೆ, ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸುವುದು ಇವೆಲ್ಲ 16ನೇ ಸೆಕ್ಷನ್ನಿನಲ್ಲಿವೆ. ಅದಕ್ಕೆ ಶೇ 40ರ ಮಿತಿಯಿಲ್ಲ. ಪರೀಕ್ಷೆಯಲ್ಲಿ ಬರಹಗಾರರ ನೆರವು, ಹೆಚ್ಚುವರಿ ಸಮಯ ಬೇಕಿದ್ದರೆ ವರ್ಷದ ಆರಂಭದಲ್ಲೇ ಕೇಳುವುದು ಕ್ಷೇಮ.

‘ಇಂಥ ಮಕ್ಕಳಿಗೆ ಇಲ್ಲಿ ಅನುಕೂಲವಿಲ್ಲ’ ಎಂಬ ನಿರಾಕರಣೆ ಹೆಚ್ಚಾಗಿ ಬಾಯಿಮಾತಿನಲ್ಲೇ ಬರುತ್ತದೆ. ಅದನ್ನು ಹಾಗೇ ಬಿಡಬಾರದು. ಅರ್ಜಿ ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಶಾಲೆಯ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗೆ, ಅಲ್ಲೂ ಕೆಲಸವಾಗದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡುವಾಗ ಆ ಹಾಳೆಯೇ ಆಧಾರ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಮಕ್ಕಳ ಶಿಕ್ಷಣಕ್ಕೆಂದೇ ಇರುವ ಸಂಪನ್ಮೂಲ ಶಿಕ್ಷಕರನ್ನು ಪ್ರವೇಶಕ್ಕೆ ಮೊದಲೇ ಕಂಡರೆ ಎಷ್ಟೋ ಅಲೆದಾಟ ತಪ್ಪುತ್ತದೆ.